ನೀಲಿ ಗ್ಲೌಸ್ ಎಲ್ಲ ಕೆಲಸಕ್ಕೂ ನಡೆಯುತ್ತದೆಯೇ? ಯಾರಿಗೆ ಯಾವ ನೈಟ್ರೈಲ್ ಕೈಗವಸು ಕೊಡಬೇಕು?

ಸರ್ಜಿಕಲ್ ಅಂಗಡಿ, ಕಲಬುರಗಿ

ಎಲ್ಲರಿಗೂ ಶರಣು. ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಸರ್ಜಿಕಲ್ ಅಂಗಡಿ ಇದೆ. ಕೋವಿಡ್‌ಗಿಂತ ಮೊದಲು ನನ್ನಲ್ಲಿ ಗ್ಲೌಸ್ ಕೊಳ್ಳುತ್ತಿದ್ದವರು ಲ್ಯಾಬಿನವರು ಮತ್ತು ನರ್ಸಿಂಗ್ ಹೋಮಿನವರು ಮಾತ್ರ. ಈಗ ಗ್ಯಾರೇಜಿನ ಮಿಸ್ತ್ರಿಗಳು, ಪಾರ್ಲರ್ ನಡೆಸುವವರು, ಖಾನಾವಳಿಯವರು, ತೊಗರಿಗೆ ಎಣ್ಣೆ ಹೊಡೆಯುವ ರೈತರು, ಗೌಂಡಿಗಳು ಎಲ್ಲರೂ ಬಂದು "ಆ ನೀಲಿ ಗ್ಲೌಸ್ ಒಂದು ಬಾಕ್ಸ್ ಕೊಡ್ರಿ" ಎನ್ನುತ್ತಾರೆ. ನಾನು ಇಟ್ಟಿರುವುದು ಒಂದೇ ಮಾಲು: ಪೌಡರ್ ಇಲ್ಲದ, ತೆಳುವಾದ, ಆಸ್ಪತ್ರೆಗೆ ಬಳಸುವ ನೈಟ್ರೈಲ್ ಎಂಬ ಕೃತಕ ರಬ್ಬರಿನ ಗ್ಲೌಸ್, ನೂರರ ಬಾಕ್ಸ್.

ಮೊನ್ನೆ ಒಬ್ಬ ರೈತರು ಅದನ್ನು ಕೈಯಲ್ಲಿ ಹಿಡಿದು ಎಳೆದು ನೋಡಿ, "ಇದನ್ನು ಹಾಕಿಕೊಂಡು ಔಷಧ ಕಲಸಿದರೆ ಕೈಗೆ ಏನೂ ಆಗುವುದಿಲ್ಲ ತಾನೆ?" ಎಂದು ಕೇಳಿದರು. ಹೌದು ಎಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಯಾವ ಕೆಲಸಕ್ಕೆ ಎಷ್ಟು ದಪ್ಪದ್ದು ಬೇಕು, ಎಲ್ಲಿ ನೈಟ್ರೈಲ್ ನಡೆಯುವುದೇ ಇಲ್ಲ ಎಂಬುದನ್ನು ಆಯಾ ಕೆಲಸ ಮಾಡುವವರೇ ತಿಳಿಸಿದರೆ, ಅದಕ್ಕೆ ತಕ್ಕಂತೆ ಮಾಲು ತರಿಸುತ್ತೇನೆ.

ಲ್ಯಾಬ್ ಟೆಕ್ನಿಷಿಯನ್, ಬೀದರ್

ಅಕ್ಕಾವರೇ, ನನ್ನ ಕೆಲಸದ ಮಟ್ಟಿಗೆ ಹೇಳುತ್ತೇನೆ. ರಕ್ತ ತೆಗೆಯುವುದಕ್ಕೆ, ಮೂತ್ರ ಮತ್ತು ಕಫದ ಸ್ಯಾಂಪಲ್ ಮುಟ್ಟುವುದಕ್ಕೆ ನೀವು ಇಟ್ಟಿರುವ ತೆಳು ಗ್ಲೌಸೇ ಸರಿ. ದಪ್ಪದ್ದು ಹಾಕಿಕೊಂಡರೆ ಬೆರಳ ತುದಿಗೆ ನರ ತಿಳಿಯುವುದಿಲ್ಲ. ಬಾಕ್ಸಿನ ಮೇಲೆ ಅಮೆರಿಕದ ಮಾನದಂಡವಾದ ಎಎಸ್‌ಟಿಎಂ ಡಿ 6319 ಅಥವಾ ಯುರೋಪಿನದಾದ ಇಎನ್ 455 ಎಂದು ಮುದ್ರಿಸಿದೆಯೇ ನೋಡಿ, ಅದರ ಪಕ್ಕದಲ್ಲಿ ಎಕ್ಯೂಎಲ್ ಎಂಬ ಅಂಕಿಯನ್ನೂ ಹುಡುಕಿ. ಗ್ಲೌಸಿನೊಳಗೆ ಒಂದು ಲೀಟರ್ ನೀರು ತುಂಬಿ, ತೂಗುಬಿಟ್ಟು, ಸೋರುತ್ತದೆಯೇ ಎಂದು ನೋಡುವ ಪರೀಕ್ಷೆಯಿಂದ ಬರುವ ಅಂಕಿ ಅದು. ಅಂಕಿ ಸಣ್ಣದಾದಷ್ಟೂ ತೂತಿನ ಗ್ಲೌಸ್ ಕೈಗೆ ಸಿಗುವ ಸಂಭವ ಕಡಿಮೆ. ಯುರೋಪಿನ ಮಾನದಂಡ 1.5 ಕೇಳುತ್ತದೆ, ಅಮೆರಿಕದ್ದು 2.5ಕ್ಕೆ ಒಪ್ಪುತ್ತದೆ. ಏನೂ ಮುದ್ರಿಸದ ಮಾಲನ್ನು ಎಷ್ಟೇ ಅಗ್ಗಕ್ಕೆ ಬಂದರೂ ಲ್ಯಾಬಿಗೆ ಕೊಡಬೇಡಿ.

ಲೇಟೆಕ್ಸ್ ಬಗ್ಗೆಯೂ ಒಂದು ಮಾತು. ರಬ್ಬರ್ ಮರದ ಹಾಲಿನಲ್ಲಿರುವ ಪ್ರೋಟೀನ್ ಕೆಲವರಿಗೆ ಆಗಿಬರುವುದಿಲ್ಲ, ಪೌಡರ್ ಇದ್ದರೆ ಆ ಪ್ರೋಟೀನ್ ಗಾಳಿಗೂ ಸೇರುತ್ತದೆ. ಪೌಡರ್ ಹಚ್ಚಿದ ವೈದ್ಯಕೀಯ ಗ್ಲೌಸ್‌ಗಳನ್ನು ಅಮೆರಿಕ 2017ರ ಜನವರಿಯಿಂದ ನಿಷೇಧಿಸಿರುವುದಕ್ಕೆ ಇದೂ ಒಂದು ಕಾರಣ.

ಗ್ಯಾರೇಜ್ ಮಿಸ್ತ್ರಿ, ಯಾದಗಿರಿ

ಆಸ್ಪತ್ರೆಯ ಗ್ಲೌಸ್ ನಮ್ಮ ಕೆಲಸಕ್ಕೆ ಬರುವುದಿಲ್ಲ. ಪಾನಾ ಹಿಡಿದು ಎರಡು ನಟ್ ಬಿಚ್ಚುವಷ್ಟರಲ್ಲಿ ಹೆಬ್ಬೆರಳಿನ ಹತ್ತಿರ ಹರಿದುಹೋಗುತ್ತದೆ. ಕಪ್ಪು ಅಥವಾ ಕಿತ್ತಳೆ ಬಣ್ಣದ್ದು, ಮೇಲೆ ಹರಳು ಹರಳಾಗಿ ಉಬ್ಬಿದ ಹಿಡಿತವಿರುವ ದಪ್ಪ ನೈಟ್ರೈಲ್ ಸಿಗುತ್ತದೆ. ಆರು ಮಿಲ್‌ಗಿಂತ ಕಡಿಮೆ ಇರಬಾರದು, ಎಂಟು ಮಿಲ್ ಇದ್ದರೆ ಉತ್ತಮ. ಎಣ್ಣೆ ಹತ್ತಿದ ಕೈಯಲ್ಲೂ ಪಾನಾ ಜಾರುವುದಿಲ್ಲ. ಎಂಜಿನ್ ಆಯಿಲ್, ಗ್ರೀಸ್, ಪೆಟ್ರೋಲ್, ಥಿನ್ನರ್ ಎಲ್ಲಕ್ಕೂ ನಾನು ಅದನ್ನೇ ಬಳಸುತ್ತೇನೆ.

ಪ್ಯಾರಾಮೆಡಿಕಲ್ ವಿದ್ಯಾರ್ಥಿನಿ

ಅಣ್ಣ, ಮಿಲ್ ಎಂದರೆ ಮಿಲಿಮೀಟರೇ?

ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ಅಲ್ಲ ತಂಗಿ. ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ಅಂದರೆ ಸುಮಾರು 0.025 ಮಿಲಿಮೀಟರ್. ಮೂರು-ನಾಲ್ಕು ಮಿಲ್‌ನ ಆಸ್ಪತ್ರೆ ಗ್ಲೌಸ್ 0.1 ಮಿಲಿಮೀಟರನ್ನೂ ದಾಟುವುದು ಕಷ್ಟ, ಎಂಟು ಮಿಲ್‌ನದು 0.2 ಮಿಲಿಮೀಟರ್ ಆಗುತ್ತದೆ. ಅದೇ ಗ್ಲೌಸಿನಲ್ಲಿ ಬೆರಳು, ಅಂಗೈ ಮತ್ತು ಮಣಿಕಟ್ಟಿನ ದಪ್ಪ ಬೇರೆ ಬೇರೆ ಇರುತ್ತದೆ. ಬಾಕ್ಸಿನ ಮೇಲಿನ ಅಂಕಿ ಯಾವ ಭಾಗದ್ದು ಎಂದು ನೋಡಿಕೊಳ್ಳಬೇಕು, ಏಕೆಂದರೆ ಕೆಲವರು ಎಲ್ಲಿ ಹೆಚ್ಚು ದಪ್ಪವಿದೆಯೋ ಆ ಅಂಕಿಯನ್ನು ದೊಡ್ಡದಾಗಿ ಮುದ್ರಿಸುತ್ತಾರೆ.

ಮಿಸ್ತ್ರಿ ಅಣ್ಣನವರ ಕೊನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನೈಟ್ರೈಲ್ ಎಂಬುದು ಅಕ್ರಿಲೋನೈಟ್ರೈಲ್ ಮತ್ತು ಬ್ಯೂಟಾಡೈಯೀನ್ ಸೇರಿಸಿ ಮಾಡಿದ ರಬ್ಬರ್. ಅದರಲ್ಲಿರುವ ನೈಟ್ರೈಲ್ ಗುಂಪಿನಿಂದಾಗಿ ಎಣ್ಣೆ, ಗ್ರೀಸ್, ಡೀಸೆಲ್‌ಗಳು ಸುಲಭಕ್ಕೆ ಒಳಗೆ ಸೇರುವುದಿಲ್ಲ. ಅದೇ ಗುಂಪು ಅಸಿಟೋನ್, ಈಥೈಲ್ ಅಸಿಟೇಟ್‌ನಂತಹ ದ್ರಾವಕಗಳನ್ನು ತಾನೇ ಎಳೆದುಕೊಳ್ಳುತ್ತದೆ. ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಇರುವುದು ಇವುಗಳೇ, ಜೊತೆಗೆ ಟಾಲ್ವೀನ್. ತೆಳು ನೈಟ್ರೈಲ್ ಮೇಲೆ ಅಸಿಟೋನ್ ಬಿದ್ದರೆ ಒಂದೆರಡು ನಿಮಿಷದೊಳಗೇ ಒಳಗಡೆಯ ಚರ್ಮಕ್ಕೆ ತಲುಪಿರುತ್ತದೆ.

ಗ್ಯಾರೇಜ್ ಮಿಸ್ತ್ರಿ, ಯಾದಗಿರಿ

ಗುರುಗಳೇ, ನಾನು ಎಷ್ಟೋ ವರ್ಷಗಳಿಂದ ಥಿನ್ನರ್‌ನಲ್ಲಿ ಕೈ ಹಾಕುತ್ತಿದ್ದೇನೆ. ಗ್ಲೌಸ್ ಹರಿಯುವುದಿಲ್ಲ, ತೂತು ಬೀಳುವುದಿಲ್ಲ, ಒಳಗೆ ಒಂದು ಹನಿಯೂ ಕಾಣುವುದಿಲ್ಲ. ಹಾಗಾದರೆ ಅದು ಒಳಗೆ ಹೋಗುವುದು ಹೇಗೆ?

ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ಈ ಚರ್ಚೆಯ ತಿರುಳೇ ಅದು. ದ್ರಾವಕದ ಅಣುಗಳು ರಬ್ಬರಿನಲ್ಲಿ ಕರಗಿ, ಒಂದೊಂದಾಗಿ ಆ ಪದರದ ಮೂಲಕ ಸಾಗಿ, ಒಳಮೈಯಲ್ಲಿ ಆವಿಯಾಗಿ ಹೊರಬರುತ್ತವೆ. ಇದಕ್ಕೆ ತೂತೇ ಬೇಕಾಗಿಲ್ಲ. ಕಣ್ಣಿಗೆ ಕಾಣುವ ಗುರುತು ಎಂದರೆ ಗ್ಲೌಸ್ ಉಬ್ಬುವುದು, ಸುಕ್ಕಾಗುವುದು, ಮೆತ್ತಗಾಗುವುದು. ಆದರೆ ಅದು ಕಾಣಿಸುವ ಹೊತ್ತಿಗೆ ತಡವಾಗಿರುತ್ತದೆ, ಎಷ್ಟೋ ಸಲ ಕಾಣಿಸುವುದೂ ಇಲ್ಲ.

1996ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕೇರನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸ್ ಮೇಲೆ ಡೈಮಿಥೈಲ್ ಮರ್ಕ್ಯುರಿಯ ಕೆಲವೇ ಹನಿಗಳು ಬಿದ್ದವು. ಗ್ಲೌಸ್ ಹರಿದಿರಲಿಲ್ಲ. ಆ ವಸ್ತು ಅಂತಹ ಗ್ಲೌಸನ್ನು ಹದಿನೈದು ಸೆಕೆಂಡಿನೊಳಗೆ ದಾಟುತ್ತದೆ ಎಂಬುದು ಆಮೇಲಿನ ಪರೀಕ್ಷೆಯಲ್ಲಿ ತಿಳಿಯಿತು. ಅವರು 1997ರ ಜೂನ್‌ನಲ್ಲಿ ಪಾದರಸದ ವಿಷದಿಂದ ತೀರಿಕೊಂಡರು. ಥಿನ್ನರ್ ಅಷ್ಟು ಘೋರವಾದದ್ದಲ್ಲ, ಆದರೂ ಒಳಗೆ ಇಳಿಯುವ ದಾರಿ ಅದೇ.

ಗ್ಯಾರೇಜ್ ಮಿಸ್ತ್ರಿ, ಯಾದಗಿರಿ

ಇದು ಆಲೋಚಿಸಬೇಕಾದ ವಿಷಯ. ಹಾಗಾದರೆ ಥಿನ್ನರ್‌ಗೆ ಯಾವ ಗ್ಲೌಸ್ ತರಿಸಬೇಕು?

ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ಒಂದೇ ಹೆಸರು ಹೇಳುವುದು ಕಷ್ಟ. ಅಸಿಟೋನ್‌ಗೆ ಬ್ಯುಟೈಲ್ ರಬ್ಬರಿನ ದಪ್ಪ ಗ್ಲೌಸ್ ಒಳ್ಳೆಯದು, ಆದರೆ ಟಾಲ್ವೀನ್ ಎದುರು ಅದು ನಿಲ್ಲುವುದಿಲ್ಲ. ಥಿನ್ನರ್‌ನಲ್ಲಿ ಎರಡೂ ಇರುವುದರಿಂದ ಕೈಯನ್ನೇ ಅದರಿಂದ ದೂರ ಇಡುವುದು ಮೇಲು. ಬಿಡಿಭಾಗಗಳನ್ನು ತಟ್ಟೆಯಲ್ಲಿ ನೆನೆಸಿ, ಚಿಮಟದಿಂದ ಎತ್ತಿ, ಉದ್ದ ಹಿಡಿಕೆಯ ಬ್ರಷ್‌ನಿಂದ ಉಜ್ಜಿರಿ. ಗ್ರೀಸ್ ತೆಗೆಯುವುದಷ್ಟೇ ಕೆಲಸವಾದರೆ ಡೀಸೆಲ್ ಸಾಕು, ಅದಕ್ಕೆ ನಿಮ್ಮ ಎಂಟು ಮಿಲ್ ನೈಟ್ರೈಲ್ ಚೆನ್ನಾಗಿ ತಡೆಯುತ್ತದೆ. ಥಿನ್ನರ್ ಸಿಡಿದರೆ ಗ್ಲೌಸನ್ನು ಆ ಕ್ಷಣವೇ ಕಳಚಿ, ಕೈ ತೊಳೆದು, ಹೊಸದು ಹಾಕಿಕೊಳ್ಳಿ. ಸ್ಪ್ರೇ ಡಬ್ಬಿಯ ಬ್ರೇಕ್ ಕ್ಲೀನರ್‌ಗಳಲ್ಲೂ ಕೆಲವದರಲ್ಲಿ ಅಸಿಟೋನ್ ಅಥವಾ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ, ಆದ್ದರಿಂದ ಡಬ್ಬಿಯ ಹಿಂಭಾಗವನ್ನು ಓದಿ.

ಟ್ರ್ಯಾಕ್ಟರ್ ಚಾಲಕ, ಆಳಂದ

ನಮ್ಮ ಅಜ್ಜನ ಕಾಲದಿಂದ ಬರಿಗೈಯಲ್ಲೇ ಎಂಜಿನ್ ಬಿಚ್ಚುತ್ತಿದ್ದೇವೆ. ಇಷ್ಟೆಲ್ಲ ಲೆಕ್ಕಾಚಾರ ಬೇಕೇ?

ಗ್ಯಾರೇಜ್ ಮಿಸ್ತ್ರಿ, ಯಾದಗಿರಿ

ಬೇಕು ಸಹೋದರರೇ. ಹಳೆಯ ಎಂಜಿನ್ ಆಯಿಲ್ ಚರ್ಮಕ್ಕೆ ದಿನವೂ ಹತ್ತುತ್ತಿದ್ದರೆ ಕ್ಯಾನ್ಸರಿನ ಅಪಾಯವಿದೆ ಎಂದು ಡಬ್ಬಿಯ ಮೇಲೆಯೇ ಎಚ್ಚರಿಕೆ ಇರುತ್ತದೆ. ನನ್ನ ಹತ್ತಿರ ಕಲಿಯುವ ಹುಡುಗರ ಉಗುರಿನ ಸಂದಿಯಲ್ಲಿ ಕುಳಿತ ಕಪ್ಪು ಸೋಪು ಹಾಕಿದರೂ ಹೋಗುವುದಿಲ್ಲ, ಅದೇ ಕೈಯಲ್ಲಿ ರೊಟ್ಟಿ ಮುರಿದು ತಿನ್ನುತ್ತಾರೆ. ಅವರಿಗೆ ಗ್ಲೌಸ್ ಕೊಡಿಸುವುದು ನನ್ನ ಹೊಣೆ.

ತೊಗರಿ ಬೆಳೆಗಾರ, ಸೇಡಂ

ಅಕ್ಕ, ನಿಮ್ಮ ಅಂಗಡಿಗೆ ಬಂದ ರೈತರ ಪ್ರಶ್ನೆಗೆ ಉತ್ತರ ಬೇಗ ಸಿಗಬೇಕು. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವಾಗ ಕಾಯಿಕೊರಕ ಬಂದೇ ಬರುತ್ತದೆ, ಆಗ ಊರೆಲ್ಲ ಎಣ್ಣೆ ಹೊಡೆಯುತ್ತದೆ. ಬಹಳ ಮಂದಿ ಬರಿಗೈಯಲ್ಲಿ ಕಲಸುತ್ತಾರೆ. ತೆಳು ಗ್ಲೌಸ್ ಆದರೂ ಹಾಕಿಕೊಳ್ಳಲಿ, ಇಲ್ಲದ್ದಕ್ಕಿಂತ ಅದು ಮೇಲಲ್ಲವೇ?

ಕೃಷಿ ಪದವೀಧರ, ರಾಯಚೂರಿನಲ್ಲಿ ಓದಿದವನು

ಮೇಲು ಎಂದು ಒಪ್ಪಿಬಿಟ್ಟರೆ ಅಪಾಯ. ತೆಳು ಗ್ಲೌಸ್ ಹಾಕಿಕೊಂಡವರು ಕೈಗೆ ರಕ್ಷಣೆ ಇದೆ ಎಂಬ ಭರವಸೆಯಲ್ಲಿ ಡ್ರಮ್ಮಿನೊಳಗೆ ಕೈಯಾಡಿಸುತ್ತಾರೆ, ಹರಿದ ಮೇಲೂ ಅದನ್ನೇ ಹಾಕಿಕೊಂಡು ಸಂಜೆಯವರೆಗೆ ಹೊಡೆಯುತ್ತಾರೆ. ಒಳಗೆ ಸೇರಿದ ಔಷಧ ಬೆವರಿನೊಂದಿಗೆ ಚರ್ಮಕ್ಕೆ ಒತ್ತಿಕೊಂಡೇ ಇರುತ್ತದೆ. ಬರಿಗೈ ಆಗಿದ್ದರೆ ಒಮ್ಮೆಯಾದರೂ ತೊಳೆದುಕೊಳ್ಳುತ್ತಿದ್ದರು.

ಔಷಧಕ್ಕೆ ಬೇಕಾದದ್ದು ಒಳಗೆ ಬಟ್ಟೆಯ ಅಸ್ತರಿ ಇಲ್ಲದ, ಮೊಣಕೈ ಕಡೆಗೆ ಉದ್ದವಿರುವ, ಕನಿಷ್ಠ 14 ಮಿಲ್ ದಪ್ಪದ ನೈಟ್ರೈಲ್. ಅಸ್ತರಿ ಇದ್ದರೆ ಬಟ್ಟೆ ಔಷಧವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಇದು ಒಮ್ಮೆ ಹಾಕಿ ಎಸೆಯುವ ಮಾಲಲ್ಲ, ಕೆಲಸ ಮುಗಿದ ಮೇಲೆ ಕೈಯಲ್ಲಿರುವಾಗಲೇ ಸೋಪು ನೀರಿನಿಂದ ತೊಳೆದು, ಆಮೇಲೆ ಕಳಚಿ, ನೆರಳಿನಲ್ಲಿ ಒಣಗಿಸಬೇಕು. ತೆಳು ನೈಟ್ರೈಲ್‌ಗೆ ಹೊಲದಲ್ಲಿ ಒಂದೇ ಕೆಲಸ: ಕಟ್ಟಿಕೊಂಡ ನಾಜಲ್ ಬಿಚ್ಚಿ ತೊಳೆಯುವಂತಹ ಎರಡು ನಿಮಿಷದ ಕೆಲಸ, ಮುಗಿದ ಕೂಡಲೇ ಕಳಚಿ ಬಿಸಾಡುವುದು.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಎಲ್ಲಕ್ಕಿಂತ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆದ ರೈತರು ಮತ್ತು ಕೂಲಿಕಾರರು ಸತ್ತದ್ದನ್ನು ನಮ್ಮ ಯಾದಗಿರಿಯ ಹತ್ತಿ ಬೆಳೆಗಾರರು ಮರೆಯಬಾರದು.

ಸರ್ಜಿಕಲ್ ಅಂಗಡಿ, ಕಲಬುರಗಿ

ಇದು ನನಗೆ ಬೇಕಾಗಿದ್ದ ಉತ್ತರ. ರೈತರಿಗೆ ಇನ್ನು ತೆಳು ಬಾಕ್ಸ್ ಕೊಡುವುದಿಲ್ಲ, ಉದ್ದದ ದಪ್ಪ ಮಾಲು ತರಿಸುತ್ತೇನೆ. ಪಾರ್ಲರ್ ಮತ್ತು ಖಾನಾವಳಿಯವರ ಬಗ್ಗೆ ಯಾರಾದರೂ ಹೇಳುತ್ತೀರಾ?

ಬ್ಯೂಟಿ ಪಾರ್ಲರ್, ಶಹಾಬಾದ್

ಕೂದಲಿಗೆ ಬಣ್ಣ ಹಚ್ಚುವುದಕ್ಕೆ ನೈಟ್ರೈಲೇ ಬೇಕು ಅಕ್ಕ. ಬಣ್ಣದ ಡಬ್ಬಿಯೊಳಗೆ ಇಟ್ಟು ಕೊಡುವ ಪಾರದರ್ಶಕ ಕವರಿನಂತಹದ್ದು ಬೆರಳ ಸಂದಿಯಲ್ಲಿ ಸಡಿಲವಾಗಿ, ಮಣಿಕಟ್ಟಿನಿಂದ ಬಣ್ಣ ಒಳಗೆ ಇಳಿಯುತ್ತದೆ. ಕಪ್ಪು ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಒಮ್ಮೆ ಅಲರ್ಜಿ ಹುಟ್ಟಿಸಿದರೆ ಅದು ಜೀವಮಾನವಿಡೀ ಬಿಡುವುದಿಲ್ಲ. ನಮ್ಮ ಕಸುಬಿನಲ್ಲಿ ಬೆರಳು ಒಡೆದು ಕೆಲಸವನ್ನೇ ಬಿಟ್ಟವರಿದ್ದಾರೆ. ಒಬ್ಬ ಗ್ರಾಹಕರಿಗೆ ಒಂದು ಜೊತೆ, ತಲೆ ತೊಳೆಸುವಾಗ ಇನ್ನೊಂದು ಜೊತೆ. ಒಳಗಡೆ ತಿರುಗಿಸಿ ಮತ್ತೆ ಹಾಕಿಕೊಳ್ಳುವ ಅಭ್ಯಾಸ ಬಹಳ ಕಡೆ ಇದೆ, ಅದರಿಂದ ಬಣ್ಣ ನೇರವಾಗಿ ಚರ್ಮಕ್ಕೇ ಹತ್ತುತ್ತದೆ.

ಉಗುರುಬಣ್ಣ ತೆಗೆಯುವ ದ್ರವ ಬಹಳಷ್ಟು ಸಲ ಅಸಿಟೋನೇ ಆಗಿರುವುದರಿಂದ, ಮೇಲೆ ಗುರುಗಳು ಹೇಳಿದ್ದು ಅದಕ್ಕೂ ಅನ್ವಯಿಸುತ್ತದೆ.

ಗೃಹಿಣಿ, ಹುಮನಾಬಾದ್

ನೈಟ್ರೈಲ್ ಹಾಕಿಕೊಂಡರೂ ನನ್ನ ಕೈ ಕೆಂಪಾಗಿ ತುರಿಸುತ್ತದೆ. ಲೇಟೆಕ್ಸ್ ಅಲರ್ಜಿ ಇದ್ದರೆ ನೈಟ್ರೈಲ್‌ಗೂ ಬರುತ್ತದೆಯೇ?

ಲ್ಯಾಬ್ ಟೆಕ್ನಿಷಿಯನ್, ಬೀದರ್

ನೈಟ್ರೈಲ್‌ನಲ್ಲಿ ಆ ಪ್ರೋಟೀನ್ ಇಲ್ಲ. ಆದರೆ ರಬ್ಬರನ್ನು ಗಟ್ಟಿಗೊಳಿಸಲು ಸೇರಿಸುವ ವೇಗವರ್ಧಕ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಹಾಕಿಕೊಂಡ ಒಂದೆರಡು ದಿನಗಳ ಮೇಲೆ ತುರಿಕೆ ಶುರುವಾಗುತ್ತದೆ. ವೇಗವರ್ಧಕ ಇಲ್ಲದ್ದು ಎಂದು ಬರೆದ ಬಾಕ್ಸುಗಳೂ ಸಿಗುತ್ತವೆ. ಬರೀ ಬೆವರಿನಿಂದಲೂ ಹಾಗೆ ಆಗಬಹುದು. ಕೈ ಪೂರ್ತಿ ಒಣಗಿದ ಮೇಲೆ ಹಾಕಿಕೊಂಡು ನೋಡಿ, ಒಳಗೆ ತೆಳು ಹತ್ತಿಯ ಗ್ಲೌಸ್ ಹಾಕಿ ನೋಡಿ, ಅಷ್ಟಕ್ಕೂ ಹೋಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಖಾನಾವಳಿ, ಕಲಬುರಗಿ

ನಮ್ಮಲ್ಲಿ ಮಿರ್ಚಿ ಭಜಿಗೆ ದಿನವೂ ಬುಟ್ಟಿಗಟ್ಟಲೆ ಮೆಣಸಿನಕಾಯಿ ಸೀಳುತ್ತಾರೆ. ಬರಿಗೈಯಲ್ಲಿ ಸೀಳಿದ ಹೆಣ್ಣುಮಕ್ಕಳಿಗೆ ರಾತ್ರಿಯಿಡೀ ಬೆರಳು ಉರಿಯುತ್ತದೆ, ಅದೇ ಕೈ ಕಣ್ಣಿಗೆ ಹೋದರೆ ಕೇಳುವುದೇ ಬೇಡ. ನೀಲಿ ನೈಟ್ರೈಲ್ ಕೊಟ್ಟ ಮೇಲೆ ಆ ತೊಂದರೆ ತಪ್ಪಿದೆ. ಖಾರದ ಅಂಶ ಎಣ್ಣೆಯಲ್ಲಿ ಕರಗುವಂಥದ್ದು, ಆದ್ದರಿಂದ ನೈಟ್ರೈಲ್ ಅದನ್ನು ತಡೆಯುತ್ತದೆ. ನೀಲಿ ಬಣ್ಣ ಅಡುಗೆಗೆ ಒಳ್ಳೆಯದು, ತುಂಡು ಹರಿದು ಹಿಟ್ಟಿನಲ್ಲಿ ಬಿದ್ದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ನಮ್ಮ ಯಾವ ಪದಾರ್ಥವೂ ನೀಲಿ ಇರುವುದಿಲ್ಲವಲ್ಲ. ಅಗ್ಗದ ವಿನೈಲ್ ಗ್ಲೌಸ್‌ಗಳನ್ನು ಎಣ್ಣೆ ಪದಾರ್ಥಕ್ಕೆ ಬಳಸಬಾರದು, ಅದನ್ನು ಮೆತ್ತಗಾಗಿಸಲು ಸೇರಿಸಿದ ರಾಸಾಯನಿಕ ಎಣ್ಣೆಗೆ ಇಳಿಯುತ್ತದೆ.

ರೊಟ್ಟಿ ಬಡಿಯುವವರಿಗೂ ಕಡಾಯಿ ಮುಂದೆ ನಿಲ್ಲುವವರಿಗೂ ನಾನು ಗ್ಲೌಸ್ ಕೊಡುವುದಿಲ್ಲ. ಹಂಚಿನ ಬಿಸಿಗೆ ತಗುಲಿದರೆ ಅದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಚೆನ್ನಾಗಿ ತೊಳೆದ ಕೈಯೇ ಉತ್ತಮ.

ಪ್ಯಾರಾಮೆಡಿಕಲ್ ವಿದ್ಯಾರ್ಥಿನಿ

ಒಂದು ಸೇರಿಸುತ್ತೇನೆ. ಗ್ಲೌಸ್ ಹಾಕಿದ ಕೈಯಲ್ಲೇ ನೋಟು ಎಣಿಸಿ, ಮೊಬೈಲ್ ಮುಟ್ಟಿ, ಮತ್ತೆ ಈರುಳ್ಳಿ ಹೆಚ್ಚುವುದನ್ನು ಎಷ್ಟು ಕಡೆ ನೋಡಿಲ್ಲ! ಅದಕ್ಕಿಂತ ಗ್ಲೌಸ್ ಇಲ್ಲದಿರುವುದೇ ವಾಸಿ.

ಟ್ರ್ಯಾಕ್ಟರ್ ಚಾಲಕ, ಆಳಂದ

ಸ್ಯಾನಿಟೈಸರ್ ಹಚ್ಚಿ ಅದೇ ಗ್ಲೌಸನ್ನು ಮರುದಿನ ಬಳಸಿದರೆ ದುಡ್ಡು ಉಳಿಯುತ್ತದಲ್ಲ?

ಲ್ಯಾಬ್ ಟೆಕ್ನಿಷಿಯನ್, ಬೀದರ್

ಉಳಿಯುವುದಿಲ್ಲ. ಒಮ್ಮೆ ಹಿಗ್ಗಿದ ತೆಳು ರಬ್ಬರಿನಲ್ಲಿ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ, ಆಲ್ಕೋಹಾಲ್ ಅದನ್ನು ಇನ್ನಷ್ಟು ಕೆಡಿಸುತ್ತದೆ. ಕಳಚುವಾಗ ಹೊರಗಿನ ಹೊಲಸು ಒಳಗೂ ತಾಗಿರುತ್ತದೆ. ದುಡ್ಡು ಉಳಿಸಬೇಕಾದರೆ ಬೇಡದ ಕಡೆ ಹಾಕಿಕೊಳ್ಳುವುದನ್ನು ಬಿಡಿ.

ಬಿದ್ರಿ ಕುಶಲಕರ್ಮಿ, ಬೀದರ್

ನಮ್ಮ ಕಸುಬಿನ ಬಗ್ಗೆ ಯಾರೂ ಹೇಳಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಜಸ್ತ ಮತ್ತು ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚುತ್ತೇವೆ. ಬೆಳ್ಳಿ ಕೂರಿಸಿದ ಮೇಲೆ ಕೊನೆಯಲ್ಲಿ ಪಾತ್ರೆಯನ್ನು ಕಾಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಲೇಪ ಉಜ್ಜಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮೈಲುತುತ್ತ ಹಚ್ಚುವುದಕ್ಕೆ ತೆಳು ನೈಟ್ರೈಲ್ ಸಾಕು, ಬೆರಳ ಸೂಕ್ಷ್ಮವೂ ಉಳಿಯುತ್ತದೆ. ಬಿಸಿ ಪಾತ್ರೆಗೆ ಲೇಪ ಉಜ್ಜುವಾಗ ಮಾತ್ರ ಅದು ಬೇಡವೇ ಬೇಡ, ಚಿಮಟ ಮತ್ತು ದಪ್ಪ ಬಟ್ಟೆಯೇ ಬೇಕು.

ಬಫಿಂಗ್ ಯಂತ್ರದ ಮುಂದೆ ಕೂರುವ ಹುಡುಗರಿಗೆ ನಾನು ಯಾವ ಗ್ಲೌಸನ್ನೂ ಬಿಡುವುದಿಲ್ಲ. ತಿರುಗುವ ಚಕ್ರ ಗ್ಲೌಸಿನ ತುದಿಯನ್ನು ಹಿಡಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಗ್ಯಾರೇಜ್ ಮಿಸ್ತ್ರಿ, ಯಾದಗಿರಿ

ಉಸ್ತಾದರ ಮಾತು ನೂರಕ್ಕೆ ನೂರು ನಿಜ. ಡ್ರಿಲ್ಲಿಂಗ್ ಯಂತ್ರಕ್ಕೂ ಅದೇ.

ಕಟ್ಟಡ ಕಂಟ್ರಾಕ್ಟರ್, ವಾಡಿ

ಗೌಂಡಿಗಳಿಗೆ ನಿಮ್ಮ ನೀಲಿ ಬಾಕ್ಸ್ ಕೊಡಬೇಡಿ ಅಕ್ಕ. ಹಸಿ ಸಿಮೆಂಟ್ ತೀರಾ ಖಾರವಾದ ಕ್ಷಾರ, ಅದರ ಪಿಎಚ್ 12ರ ಮೇಲೆಯೇ ಇರುತ್ತದೆ, ಜೊತೆಗೆ ಅದರಲ್ಲಿನ ಕ್ರೋಮಿಯಂನಿಂದ ಚರ್ಮಕ್ಕೆ ಅಲರ್ಜಿ ಬರುತ್ತದೆ. ನೈಟ್ರೈಲ್ ಆ ಕ್ಷಾರವನ್ನು ತಡೆದುಕೊಳ್ಳುತ್ತದೆ, ಆದರೆ ಮರಳು ಮತ್ತು ಶಹಾಬಾದ್ ಕಲ್ಲಿನ ಅಂಚು ಅದನ್ನು ಗಳಿಗೆಯಲ್ಲಿ ಹರಿಯುತ್ತವೆ. ಹರಿದ ಗ್ಲೌಸಿನೊಳಗೆ ಗಿಲಾವದ ನೀರು ಸೇರಿ ಅಲ್ಲೇ ನಿಂತರೆ ಚರ್ಮ ಬೆಂದುಹೋಗುತ್ತದೆ. ಹೆಣೆದ ಬಟ್ಟೆಯ ಮೇಲೆ ಪೂರ್ತಿ ನೈಟ್ರೈಲ್ ಲೇಪಿಸಿದ, ತೊಳೆದು ಬಳಸುವ ದಪ್ಪ ಗ್ಲೌಸ್ ಅವರಿಗೆ ಸರಿ. ಅಂಗೈಗೆ ಮಾತ್ರ ಲೇಪ ಇರುವುದು ಒಣ ಕಲ್ಲು ಹೊರಲು ಸಾಕು, ಗಿಲಾವಕ್ಕೆ ಸಾಲದು.

ಸರ್ಜಿಕಲ್ ಅಂಗಡಿ, ಕಲಬುರಗಿ

ರಾಸಾಯನಿಕಕ್ಕೆ ಎಂದು ಬಂದ ಒಂದು ಬಾಕ್ಸಿನ ಮೇಲೆ ಇಎನ್ ಐಎಸ್ಒ 374, ಟೈಪ್ ಬಿ ಎಂದು ಮುದ್ರಿಸಿ, ಕೆಳಗೆ ಜೆ, ಕೆ, ಪಿ, ಟಿ ಎಂಬ ಅಕ್ಷರಗಳಿವೆ. ಇದರ ಅರ್ಥವೇನು?

ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ಒಂದೊಂದು ಅಕ್ಷರ ಒಂದೊಂದು ರಾಸಾಯನಿಕವನ್ನು ಸೂಚಿಸುತ್ತದೆ. ಜೆ ಎಂದರೆ ಪೆಟ್ರೋಲಿಗೆ ಹತ್ತಿರದ ಹೆಪ್ಟೇನ್, ಕೆ ಎಂದರೆ 40 ಪ್ರತಿಶತ ಕಾಸ್ಟಿಕ್ ಸೋಡಾ, ಪಿ ಎಂದರೆ ಹೈಡ್ರೋಜನ್ ಪೆರಾಕ್ಸೈಡ್, ಟಿ ಎಂದರೆ ಫಾರ್ಮಾಲ್ಡಿಹೈಡ್. ಟೈಪ್ ಬಿ ಎಂದರೆ ಕನಿಷ್ಠ ಮೂರು ರಾಸಾಯನಿಕಗಳನ್ನು ಅರ್ಧ ಗಂಟೆಯಾದರೂ ತಡೆದಿದೆ ಎಂದರ್ಥ. ಟೈಪ್ ಎ ಆಗಲು ಆರು ಬೇಕು, ಟೈಪ್ ಸಿ ಆದರೆ ಒಂದೇ ರಾಸಾಯನಿಕವನ್ನು ಹತ್ತು ನಿಮಿಷ ತಡೆದರೂ ಸಾಕು. ಅಸಿಟೋನ್‌ನ ಅಕ್ಷರ ಬಿ. ಟೈಪ್ ಬಿ ಎಂಬುದನ್ನೇ ಅದು ಎಂದು ತಿಳಿಯಬೇಡಿ, ಕೆಳಗಿನ ಸಾಲಿನಲ್ಲಿ ಬಿ ಇದೆಯೇ ಎಂದು ಹುಡುಕಿ. ತೆಳು ನೈಟ್ರೈಲ್‌ನ ಸಾಲಿನಲ್ಲಿ ಅದು ಕಾಣುವುದಿಲ್ಲ.

ಈ ಪರೀಕ್ಷೆ ನಡೆಯುವುದು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿ ಏರಿದಂತೆ ಅಣುಗಳು ರಬ್ಬರನ್ನು ಬೇಗ ದಾಟುತ್ತವೆ. ನಮ್ಮ ಕಲಬುರಗಿಯ ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದ ಶೆಡ್ಡಿನೊಳಗೆ ಕೆಲಸ ಮಾಡುವವರು ಬಾಕ್ಸಿನ ಮೇಲಿನ ಅರ್ಧ ಗಂಟೆಯನ್ನು ಅರ್ಧ ಗಂಟೆ ಎಂದೇ ನಂಬಬಾರದು. ಮಾಲನ್ನು ಇಡುವಲ್ಲಿಯೂ ಎಚ್ಚರವಿರಲಿ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಇಟ್ಟ ಗ್ಲೌಸ್ ಬಿರುಸಾಗಿ, ಹಾಕಿಕೊಳ್ಳುವಾಗಲೇ ಮಣಿಕಟ್ಟಿನ ಹತ್ತಿರ ಸೀಳುತ್ತದೆ.

ಗೃಹಿಣಿ, ಹುಮನಾಬಾದ್

ಅಳತೆ ಹೇಗೆ ನೋಡಬೇಕು? ಅಂಗಡಿಯವರು ಯಾವಾಗಲೂ ಮೀಡಿಯಂ ಕೊಡುತ್ತಾರೆ.

ಲ್ಯಾಬ್ ಟೆಕ್ನಿಷಿಯನ್, ಬೀದರ್

ಹೆಬ್ಬೆರಳು ಬಿಟ್ಟು ಅಂಗೈಯ ಅಗಲ ಅಳೆಯಿರಿ. ಸುಮಾರು 80 ಮಿಲಿಮೀಟರ್ ಇದ್ದರೆ ಸ್ಮಾಲ್, 95ರ ಆಸುಪಾಸು ಮೀಡಿಯಂ, 110 ಆದರೆ ಲಾರ್ಜ್. ಬಿಗಿಯಾದದ್ದು ಬೆರಳ ಸಂದಿಯಲ್ಲಿ ಹರಿಯುತ್ತದೆ, ಸಡಿಲವಾದದ್ದು ತುದಿಯಲ್ಲಿ ಮಡಚಿಕೊಳ್ಳುತ್ತದೆ. ಇನ್ನೊಂದು ವಿಷಯ: ಯಾವ ದಪ್ಪದ ನೈಟ್ರೈಲೂ ಸೂಜಿಯನ್ನು ತಡೆಯುವುದಿಲ್ಲ. ಲ್ಯಾಬಿನಲ್ಲಿ ಬಳಸಿದ ಗ್ಲೌಸ್ ಕೆಂಪು ಚೀಲಕ್ಕೆ, ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ ಹೋಗಬೇಕು ಎಂದು ಆಸ್ಪತ್ರೆ ತ್ಯಾಜ್ಯದ ಬಗೆಗಿನ 2016ರ ನಿಯಮ ಹೇಳುತ್ತದೆ. ಸೂಜಿಯನ್ನು ಗ್ಲೌಸಿನಲ್ಲಿ ಸುತ್ತಿ ಕಸಕ್ಕೆ ಹಾಕಿದರೆ ಅದು ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ತೊಗರಿ ಬೆಳೆಗಾರ, ಸೇಡಂ

ಕೃಷಿ ಪದವೀಧರರಿಗೆ ಒಂದು ಪ್ರಶ್ನೆ. ಉದ್ದದ ಗ್ಲೌಸ್ ಹಾಕಿಕೊಂಡಾಗ ಅಂಗಿಯ ತೋಳು ಅದರ ಒಳಗಿರಬೇಕೇ, ಹೊರಗಿರಬೇಕೇ?

ಕೃಷಿ ಪದವೀಧರ, ರಾಯಚೂರಿನಲ್ಲಿ ಓದಿದವನು

ಕೈ ಎತ್ತ ಇದೆ ಎಂಬುದರ ಮೇಲೆ ಅದು ನಿಂತಿದೆ. ಡ್ರಮ್ಮಿನಲ್ಲಿ ಕಲಸುವಾಗ, ಮೊಳಕಾಲೆತ್ತರದ ಬೆಳೆಗೆ ಹೊಡೆಯುವಾಗ ಕೈ ಕೆಳಗಿರುತ್ತದೆ, ಆಗ ಅಂಗಿಯ ತೋಳು ಗ್ಲೌಸಿನ ಮೇಲೆ ಬರಲಿ, ತೋಳಿನಿಂದ ಇಳಿದ ಔಷಧ ಗ್ಲೌಸಿನೊಳಗೆ ಹೋಗುವುದಿಲ್ಲ. ತೊಗರಿ ಎದೆಯೆತ್ತರ ಬೆಳೆದು ಗನ್ನನ್ನು ಮೇಲಕ್ಕೆತ್ತಿ ಹೊಡೆಯಬೇಕಾದಾಗ ಗ್ಲೌಸ್ ತೋಳಿನ ಮೇಲಿರಲಿ, ಅದರ ಅಂಚನ್ನು ಎರಡು ಬೆರಳಗಲ ಹೊರಕ್ಕೆ ಮಡಚಿ. ಮೊಣಕೈ ಕಡೆಗೆ ಹರಿದು ಬಂದ ಔಷಧ ಆ ಮಡಿಕೆಯಲ್ಲಿ ನಿಲ್ಲುತ್ತದೆ, ಕೈ ಇಳಿಸುವ ಮೊದಲು ಅದನ್ನು ಹೊರಗೆ ಚೆಲ್ಲಿಬಿಡಿ.